ಮುಚ್ಚಿದ ಅಂಗಡಿಗಳ ಲೆಕ್ಕ ಬರೆಯುವವರು ಯಾರು?

ಅಂಗಡಿಯೊಂದು ತೆರೆದರೆ ಊರಿಗೆಲ್ಲ ಗೊತ್ತಾಗುತ್ತದೆ. ಬಾಗಿಲಿಗೆ ಬಾಳೆಕಂಬ, ಮಾವಿನ ತೋರಣ, ಬೀದಿಯ ತುದಿಯವರೆಗೆ ಫ್ಲೆಕ್ಸ್, ಟೇಪು ಕತ್ತರಿಸಲು ಊರಿನ ಮುಖಂಡರು, ಬಂದವರಿಗೆಲ್ಲ ಕೇಸರಿಬಾತು. ಅದೇ ಅಂಗಡಿ ಮುಚ್ಚಿದ ದಿನ ಯಾರಿಗೂ ತಿಳಿಯುವುದಿಲ್ಲ. ಒಂದು ಸಂಜೆ ಇಳಿದ ಶೆಟರ್ ಮರುದಿನ ಮೇಲೇಳುವುದಿಲ್ಲ. ತಿಂಗಳೊಪ್ಪತ್ತಿನಲ್ಲಿ ಅದರ ಮೇಲೆ ‘ಬಾಡಿಗೆಗೆ ಇದೆ’ ಎಂಬ ಚೀಟಿ ಅಂಟಿರುತ್ತದೆ. ವಸೂಲಾಗದ ಉದ್ದರಿ, ಮಾಲೀಕರಿಂದ ವಾಪಸು ಬರಬೇಕಾದ ಅಡ್ವಾನ್ಸ್, ಸಂಘದ ಸಾಲದ ಕಂತು ಎಲ್ಲವೂ ಒಂದು ಮನೆಯೊಳಗಿನ ಸಂಕಟವಾಗಿ ಉಳಿದುಬಿಡುತ್ತವೆ. ಕಡೂರು, ತರೀಕೆರೆ, ಅಜ್ಜಂಪುರದಂಥ ಊರುಗಳಲ್ಲಿ ಈ ಮೌನವೇ ದೊಡ್ಡ ನಷ್ಟ ಎಂಬುದು ನನ್ನ ವಾದ. ತೆರೆದ ಮತ್ತು ಮುಚ್ಚಿದ ಅಂಗಡಿಗಳ ಲೆಕ್ಕವನ್ನು ಕಡೂರು, ತರೀಕೆರೆ ಪುರಸಭೆಗಳು ಮತ್ತು ಅಜ್ಜಂಪುರ ಪಟ್ಟಣ ಪಂಚಾಯಿತಿ ಬೀದಿವಾರು ಬರೆದು, ವರ್ಷಕ್ಕೊಮ್ಮೆ ಜನರ ಮುಂದಿಡಬೇಕು.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಹೊಸ ಇಲಾಖೆಯೂ ಬೇಕಿಲ್ಲ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಡಿ ಉದ್ದಿಮೆ ಪರವಾನಗಿ ಕೊಡುವುದು ಸ್ಥಳೀಯ ಸಂಸ್ಥೆಯ ಕೆಲಸ. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಕಾರ್ಮಿಕ ಇಲಾಖೆಯಲ್ಲಿಯೂ ನೋಂದಣಿ ಇರುತ್ತದೆ. ಪರವಾನಗಿ ನವೀಕರಣಕ್ಕೆ ಬಾರದೇ ಹೋದ ಅಂಗಡಿ ಏಕೆ ಬರಲಿಲ್ಲ ಎಂದು ಒಮ್ಮೆ ಹೋಗಿ ನೋಡಿದರೆ ಅರ್ಧ ಲೆಕ್ಕ ಸಿಕ್ಕಂತೆಯೇ. ಮೇಲಿನಿಂದ ಯಾರೋ ಎಣಿಸಿಕೊಡುತ್ತಾರೆಂದು ಕಾಯುವಂತಿಲ್ಲ. ದೇಶದ ಆರನೇ ಆರ್ಥಿಕ ಗಣತಿ ನಡೆದದ್ದು 2013ರಲ್ಲಿ. 2019ರಲ್ಲಿ ಆರಂಭವಾದ ಏಳನೆಯದರ ಫಲಿತಾಂಶವನ್ನು ಕೇಂದ್ರ ಪ್ರಕಟಿಸಲೇ ಇಲ್ಲ. ಆ ನಡುವೆ ನೋಟು ರದ್ದತಿ ಬಂತು, ಜಿಎಸ್‌ಟಿ ಬಂತು, ಕೊರೊನಾ ಬಂತು, ಕೈಯಲ್ಲಿನ ಮೊಬೈಲೇ ಅಂಗಡಿಯಾಯಿತು. ಇಷ್ಟೆಲ್ಲ ಆದಮೇಲೆ ಕಡೂರಿನ ಪೇಟೆಯಲ್ಲಿ ಎಷ್ಟು ಅಂಗಡಿ ಉಳಿದಿವೆ ಎಂದು ಕೇಳಿದರೆ ನಾವು ಅಂದಾಜಿನ ಮಾತನ್ನೇ ಆಡಬೇಕು. ಯುರೋಪಿನ ಒಕ್ಕೂಟದ ದೇಶಗಳು ಉದ್ಯಮಗಳ ಹುಟ್ಟು ಮತ್ತು ಸಾವು ಎಂದೇ ಹೆಸರಿಟ್ಟು ಪ್ರತಿವರ್ಷ ಅಂಕಿಅಂಶ ಹೊರತರುತ್ತವೆ. ಮನುಷ್ಯರ ಜನನ ಮರಣ ಬರೆಯುವ ಪುರಸಭೆಗೆ ಅಂಗಡಿಯ ಜನನ ಮರಣ ಬರೆಯುವುದು ಆಗದ ಕೆಲಸವಲ್ಲ.

ಎಣಿಸಿ ಏನಾಗಬೇಕು ಎಂಬ ಪ್ರಶ್ನೆಗೆ ಈ ಮೂರು ಊರುಗಳನ್ನೇ ಅಕ್ಕಪಕ್ಕ ಇಟ್ಟು ನೋಡಬೇಕು. ಒಂದೇ ಜಿಲ್ಲೆ, ಆದರೆ ಪೇಟೆಯ ಉಸಿರು ಬೇರೆ ಬೇರೆ. ಕಡೂರು ಮಳೆ ನೆರಳಿನ ತಾಲ್ಲೂಕು. ತೆಂಗು, ರಾಗಿ, ಈರುಳ್ಳಿ. 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಘೋಷಣೆಯಾದಾಗ ಮಾರುಕಟ್ಟೆ ದರ ಅದಕ್ಕಿಂತ ಬಹಳ ಕೆಳಗಿತ್ತು. ಮರುವರ್ಷ ಅದೇ ಕೊಬ್ಬರಿ ಬೆಂಬಲ ಬೆಲೆಯ ದುಪ್ಪಟ್ಟನ್ನೂ ದಾಟಿತು. ಇದರ ಹಿಂದೆಯೇ 2023ರ ಬರ: ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರವೇ ಸಾರಿದ ವರ್ಷ. ರೈತನ ಕೈಯಲ್ಲಿ ಹೀಗೆ ಏರಿಳಿಯುವ ದುಡ್ಡು ಬಟ್ಟೆ ಅಂಗಡಿ, ಬೈಕ್ ಶೋರೂಮು, ಗೊಬ್ಬರದ ಅಂಗಡಿಯ ಉದ್ದರಿ ಪುಸ್ತಕದಲ್ಲಿ ಕಾಣಿಸದೇ ಇರದು. ತರೀಕೆರೆಯ ಪೇಟೆಗೆ ಅಡಿಕೆಯೇ ಆಸರೆ. ಅಲ್ಲಿ ಸುಗ್ಗಿಯ ತಿಂಗಳು ಬೇರೆ, ದರದ ಲೆಕ್ಕ ಬೇರೆ, ಗಿರಾಕಿಯನ್ನು ಸೆಳೆಯುವ ಭದ್ರಾವತಿ, ಶಿವಮೊಗ್ಗ ರೈಲಿಗೂ ಬಸ್ಸಿಗೂ ಹತ್ತಿರ. ಅಜ್ಜಂಪುರದ ಕಥೆ ಇನ್ನೊಂದು. ತರೀಕೆರೆ ತಾಲ್ಲೂಕಿನ ಹೋಬಳಿಯಾಗಿ, ಅಮೃತಮಹಲ್ ತಳಿ ಸಂವರ್ಧನ ಕೇಂದ್ರದಿಂದ ಹೆಸರಾಗಿದ್ದ ಊರು 2018ರಲ್ಲಿ ತಾಲ್ಲೂಕು ಕೇಂದ್ರವಾಯಿತು. ತಹಶೀಲ್ದಾರ್ ಕಚೇರಿ ಬಂದ ಕಡೆ ಜೆರಾಕ್ಸ್, ಪತ್ರ ಬರಹಗಾರರು, ಆನ್‌ಲೈನ್ ಅರ್ಜಿ ತುಂಬುವವರು, ಕಾಯುವವರಿಗೊಂದು ಟೀ ಅಂಗಡಿ ತಾವಾಗಿ ಬರುತ್ತವೆ. ಕಚೇರಿ ಹೋದ ಕಡೆ ಏನಾಗುತ್ತದೆ ಎಂಬುದಕ್ಕೂ ಈ ಸೀಮೆಯಲ್ಲೇ ಉದಾಹರಣೆ ಇದೆ. 1947ರವರೆಗೆ ಇಡೀ ಜಿಲ್ಲೆಗೆ ಕಡೂರಿನ ಹೆಸರೇ ಇತ್ತು. ಕಚೇರಿಗಳು ಮಾತ್ರ ಅದಕ್ಕೆ ಎಷ್ಟೋ ಮೊದಲೇ ಚಿಕ್ಕಮಗಳೂರು ಸೇರಿದ್ದವು, ಪೇಟೆಯೂ ಅವುಗಳ ಹಿಂದೆ ಅಲ್ಲಿಯೇ ಬೆಳೆಯಿತು.

ಕಾಲೇಜಿನ ಸುತ್ತಲಿನ ಅಂಗಡಿಗಳದು ಇನ್ನೂ ಸೂಕ್ಷ್ಮ ಬದುಕು. ಮೂರೂ ಊರುಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಸುತ್ತಲ ಹಳ್ಳಿಗಳ ಮಕ್ಕಳು ಬೆಳಗಿನ ಬಸ್ಸಿಗೆ ಬಂದು ಮಧ್ಯಾಹ್ನದ ಬಸ್ಸಿಗೆ ಮರಳುತ್ತಾರೆ. ಅವರ ಕೈಯಲ್ಲಿರುವುದು ಹತ್ತು ಇಪ್ಪತ್ತು ರೂಪಾಯಿ. ಆದರೆ ಆ ಹತ್ತು ಇಪ್ಪತ್ತು ದಿನವೂ ಬರುತ್ತದೆ, ಉದ್ದರಿಯಿಲ್ಲದೆ ಬರುತ್ತದೆ. ಜೆರಾಕ್ಸ್, ಬೇಕರಿ, ಜ್ಯೂಸ್, ಮೊಬೈಲ್ ರಿಪೇರಿ, ಚುರುಮುರಿ ಗಾಡಿ ಇವುಗಳೆಲ್ಲ ನಿಂತಿರುವುದು ಆ ಚಿಲ್ಲರೆಯ ಮೇಲೆ. ಪದವಿ ತರಗತಿ ಯಾವ ತಿಂಗಳು ಶುರು, ಪರೀಕ್ಷೆ ಯಾವ ತಿಂಗಳು ಎಂದು ತೀರ್ಮಾನವಾಗುವುದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ, ಇಲ್ಲವೇ ಬೆಂಗಳೂರಿನಲ್ಲಿ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಪದವಿ ಕಾಲೇಜುಗಳು ಮತ್ತೆ ತೆರೆದದ್ದು ನವೆಂಬರ್ 17ಕ್ಕೆ. ಅಷ್ಟೂ ತಿಂಗಳು ಬಾಡಿಗೆ ನಿಲ್ಲಲಿಲ್ಲ. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಈ ತೀರ್ಮಾನಗಳ ಸರಿತಪ್ಪು ಬೇರೆ ಚರ್ಚೆ. ಅವುಗಳಿಂದ ಕಾಲೇಜು ರಸ್ತೆಯ ಎಷ್ಟು ಬಾಗಿಲು ಮುಚ್ಚಿದವು ಎಂಬ ಒಂದೇ ಒಂದು ಅಂಕಿ ತೀರ್ಮಾನ ಮಾಡುವವರ ಮೇಜಿನ ಮೇಲೆ ಇರಲಿಲ್ಲ. ಅಂಕಿ ಇಲ್ಲದ ನೋವಿಗೆ ಕಡತದಲ್ಲಿ ಜಾಗವಿಲ್ಲ.

ವ್ಯಾಪಾರ ಎಂದಮೇಲೆ ಏಳುಬೀಳು ಸಹಜ, ಮುಚ್ಚಿದ ಅಂಗಡಿಯ ಜಾಗಕ್ಕೆ ಇನ್ನೊಂದು ಬರುತ್ತದೆ ಎನ್ನುವವರಿದ್ದಾರೆ. ನಿಜ, ಬರುತ್ತದೆ. ಎಷ್ಟು ತಿಂಗಳಿಗೆ ಬರುತ್ತದೆ, ಯಾರದು ಬರುತ್ತದೆ ಎಂಬುದು ಮುಖ್ಯ. ಊರಿನವರ ದಿನಸಿ ಅಂಗಡಿ ಹೋಗಿ ಹೊರಗಿನ ಕಂಪನಿಯ ಮಳಿಗೆ ಬಂದರೆ ಬೀದಿಯಲ್ಲಿ ದೀಪ ಉರಿಯುತ್ತದೆ, ಸಂಜೆಯ ಲಾಭ ಮಾತ್ರ ಊರಿನಲ್ಲಿ ಉಳಿಯುವುದಿಲ್ಲ. ಎಲ್ಲಕ್ಕೂ ಆನ್‌ಲೈನ್ ಖರೀದಿಯೇ ಕಾರಣ ಎನ್ನುವ ಮಾತೂ ಇದೆ. ಮೊಬೈಲ್, ಬಟ್ಟೆ, ಚಪ್ಪಲಿಯ ಮಟ್ಟಿಗೆ ಅದನ್ನು ಒಪ್ಪೋಣ. ಹೋಟೆಲಿನ ಇಡ್ಲಿಯನ್ನು, ಪಂಕ್ಚರ್ ಅಂಗಡಿಯ ಕೆಲಸವನ್ನು ಯಾರೂ ಪಾರ್ಸೆಲ್ಲಿನಲ್ಲಿ ತರಿಸಿಕೊಳ್ಳುವುದಿಲ್ಲ. ತುಮಕೂರು–ಶಿವಮೊಗ್ಗ ಹೆದ್ದಾರಿ ನಾಲ್ಕು ಪಥವಾಗಿ ಊರಿನ ಹೊರಗೆ ತಿರುಗಿದಾಗ ಹಳೆಯ ಬಿ.ಎಚ್. ರಸ್ತೆಯ ಹೋಟೆಲಿಗೂ ಪಂಕ್ಚರ್ ಅಂಗಡಿಗೂ ಬೀಳುವ ಪೆಟ್ಟು ಬೇರೆಯದು, ಅದರ ಪರಿಹಾರವೂ ಬೇರೆಯದು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ಬಸ್ಸು ಹಳ್ಳಿಯ ಹೆಣ್ಣುಮಕ್ಕಳನ್ನು ತಾಲ್ಲೂಕು ಪೇಟೆಗೂ ತರುತ್ತದೆ, ಅಲ್ಲಿಂದ ದಾಟಿಸಿ ಶಿವಮೊಗ್ಗಕ್ಕೂ ಒಯ್ಯುತ್ತದೆ. ಯಾವುದು ಹೆಚ್ಚು? ಬೀದಿವಾರು ಲೆಕ್ಕವಿಲ್ಲದೆ ಇದಕ್ಕೆ ಉತ್ತರ ಹೇಳುವವರು ತಮ್ಮ ಪಕ್ಷದ ಉತ್ತರ ಹೇಳುತ್ತಾರೆ ಅಷ್ಟೆ.

ನಾನು ಗೌರವದಿಂದ ಎದುರಿಸಬೇಕಾದ ಆಕ್ಷೇಪ ವರ್ತಕರದೇ. ಲೆಕ್ಕ ಎಂದರೆ ಅವರಿಗೆ ತೆರಿಗೆ ನೆನಪಾಗುತ್ತದೆ, ಆ ಅಂಜಿಕೆಗೆ ಕಾರಣವಿದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿತು. ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷದ ಮಿತಿ ದಾಟಿದ್ದೀರಿ ಎಂಬುದು ಅದರ ಸಾರ. ಅಂಗಡಿಗಳ ಮುಂದಿನ ಕ್ಯೂಆರ್ ಚೀಟಿಗಳು ಕಳಚಿಬಿದ್ದವು, ಬಂದ್ ಕರೆ ಬಂತು, ಕೊನೆಗೆ ಮುಖ್ಯಮಂತ್ರಿಗಳೇ ವರ್ತಕರನ್ನು ಕರೆದು ಮಾತನಾಡಬೇಕಾಯಿತು. ಆ ಪ್ರಸಂಗದಿಂದ ನಾನು ತಿಳಿಯುವುದು ಇಷ್ಟು: ಅಂಗಡಿಗೆ ಬಂದ ದುಡ್ಡು ರೂಪಾಯಿವರೆಗೆ ಗೊತ್ತಿರುವ ಸರ್ಕಾರಕ್ಕೆ ಅದೇ ಅಂಗಡಿ ಬಾಗಿಲು ಹಾಕಿದ್ದು ತಿಳಿಯುವ ದಾರಿಯಿಲ್ಲ. ನಾನು ಕೇಳುತ್ತಿರುವ ಪಟ್ಟಿಯಲ್ಲಿ ಮಾಲೀಕರ ಹೆಸರು ಬೇಡ, ವಹಿವಾಟು ಬೇಡ. ಬೀದಿ, ಅಂಗಡಿಯ ಬಗೆ, ತೆರೆದ ತಿಂಗಳು, ಮುಚ್ಚಿದ ತಿಂಗಳು, ಮುಚ್ಚಲು ಅವರೇ ಹೇಳಿದ ಕಾರಣ ಇಷ್ಟೇ ಸಾಕು. ವರ್ತಕರ ಸಂಘದವರೇ ಪುರಸಭೆಯ ಸಿಬ್ಬಂದಿಯ ಜೊತೆ ಓಡಾಡಿ ಬರೆಸಿದರೆ ಅಂಜಿಕೆಗೂ ಜಾಗವಿರದು, ಸಿಬ್ಬಂದಿ ಸಾಲದು ಎಂಬ ಪುರಸಭೆಯ ನೆಪಕ್ಕೂ ಇರದು.

ಲೆಕ್ಕ ಮೊದಲು ಕೆಲಸಕ್ಕೆ ಬರುವುದು ಪುರಸಭೆಯ ಸ್ವಂತ ಮಳಿಗೆಗಳಲ್ಲಿ. ಗುತ್ತಿಗೆಯ ಹನ್ನೆರಡು ವರ್ಷ ಮುಗಿದ ಮೇಲೆ ಬಹಿರಂಗ ಹರಾಜು ಎಂಬ ನಿಯಮದಡಿ ಹರಾಜಿನ ಹುರುಪಿನಲ್ಲಿ ಬಾಡಿಗೆ ಕೂಗುತ್ತಾರೆ. ಕೂಗಿದ ಬಾಡಿಗೆ ಹುಟ್ಟದಿದ್ದರೆ ಮಳಿಗೆಗೆ ಬೀಗ. ಅದೇ ಬೀದಿಯಲ್ಲಿ ಕಳೆದ ಮೂರು ವರ್ಷದಲ್ಲಿ ಯಾವ ಬಗೆಯ ಅಂಗಡಿ ಎಷ್ಟು ದಿನ ಬಾಳಿತು ಎಂಬ ಪಟ್ಟಿ ಹರಾಜಿನ ದಿನ ಗೋಡೆಯ ಮೇಲಿದ್ದರೆ, ಚಿನ್ನ ಅಡವಿಟ್ಟು ಬಂದ ಯುವಕ ಕೈ ಎತ್ತುವ ಮೊದಲು ಒಮ್ಮೆ ಅದನ್ನು ಓದಿಕೊಳ್ಳುತ್ತಾನೆ. ಪರವಾನಗಿಯ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಏಪ್ರಿಲ್, ಮೇ ಎರಡು ತಿಂಗಳಲ್ಲಿ ಬೀದಿ ಸುತ್ತಿ ಬರೆದರೆ ಕಾಲೇಜು ಮತ್ತೆ ಶುರುವಾಗುವ ಹೊತ್ತಿಗೆ ಮೊದಲ ಪಟ್ಟಿ ಪುರಸಭೆಯ ಸೂಚನಾ ಫಲಕದಲ್ಲಿ ಇರಬಹುದು.