ಕಲಿಯುವ ಮೊದಲೇ ಕಾವಲಿಗೆ ಪೆಟ್ಟು

ಎಚ್.ಐ.ವಿ. ಸೋಂಕಿರುವ ಇಬ್ಬರ ರಕ್ತ ಪರೀಕ್ಷಿಸಲಾಯಿತು ಎಂದುಕೊಳ್ಳಿ. ಒಬ್ಬರಿಗೆ ಮೂವತ್ತು ವರ್ಷ, ಇನ್ನೊಂದು ಆರು ತಿಂಗಳ ಕೂಸು. ಇಬ್ಬರಲ್ಲೂ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಿಡಿ-4 ಜೀವಕೋಶಗಳು 700. ದೊಡ್ಡವರ ಮಟ್ಟಿಗೆ ಇದು ಸಮಾಧಾನದ ಸಂಖ್ಯೆ; ಕೂಸಿನ ಮಟ್ಟಿಗೆ ಅಪಾಯದ್ದು. ಏಕೆ?

ಸಿಡಿ-4 ಕೋಶಗಳು ಬಿಳಿ ರಕ್ತಕಣಗಳ ಒಂದು ಬಗೆ. ರೋಗಾಣು ಒಳಹೊಕ್ಕಾಗ ಪ್ರತಿಕಾಯ ತಯಾರಿಸುವ ಕೋಶಗಳಿಗೂ, ಸೋಂಕು ತಗುಲಿದ ಕೋಶಗಳನ್ನು ಕೊಲ್ಲುವ ಕೋಶಗಳಿಗೂ ಸೂಚನೆ ಕೊಡುವುದು ಇವೇ. ಎಚ್.ಐ.ವಿ. ಹೊಕ್ಕು ನಾಶಮಾಡುವುದೂ ಇವನ್ನೇ. ಆರೋಗ್ಯವಂತ ವಯಸ್ಕರಲ್ಲಿ ಇವು ಸಾಮಾನ್ಯವಾಗಿ 500ರಿಂದ 1,500. ಹಸುಳೆಗಳಲ್ಲಿ ಸಹಜವಾಗಿಯೇ ಇನ್ನೂ ಹೆಚ್ಚು. ವರ್ಷ ತುಂಬದ ಮಗುವಿನಲ್ಲಿ ಇವು 750ಕ್ಕಿಂತ ಕೆಳಗಿಳಿದರೆ ರಕ್ಷಣಾ ವ್ಯವಸ್ಥೆ ತೀವ್ರವಾಗಿ ಕುಸಿದಿದೆ ಎಂದರ್ಥ. ಆರು ವರ್ಷ ದಾಟಿದವರಲ್ಲಿ ಆ ಗೆರೆ 200.

ದೊಡ್ಡವರ ದೇಹ ಹಲವು ರೋಗಾಣುಗಳನ್ನು ಎದುರಿಸಿ, ಅವುಗಳ ಗುರುತನ್ನು ನೆನಪಿಟ್ಟುಕೊಂಡಿರುತ್ತದೆ. ಕೂಸಿನ ದೇಹಕ್ಕೆ ಎಲ್ಲವೂ ಹೊಸ ಪಾಠ. ಪಾಠ ಆರಂಭವಾಗುವಷ್ಟರಲ್ಲೇ ವೈರಸ್ ಕಾವಲುಪಡೆಯನ್ನು ಕೆಡಿಸುತ್ತದೆ. ಹೀಗಾಗಿ ನ್ಯುಮೋಸಿಸ್ಟಿಸ್ ಎಂಬ ನ್ಯುಮೋನಿಯ ಮೂರರಿಂದ ಆರು ತಿಂಗಳ ವಯಸ್ಸಿನಲ್ಲೇ ಎರಗಬಹುದು. ಚಿಕಿತ್ಸೆ ಸಿಗದ ಸೋಂಕಿತ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಎರಡು ವರ್ಷ ತುಂಬುವ ಮೊದಲೇ ಸಾಯುತ್ತವೆ.

ಪತ್ತೆಯಲ್ಲೂ ಒಂದು ತೊಡಕಿದೆ. ತಾಯಿಯ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ 18 ತಿಂಗಳವರೆಗೂ ಉಳಿಯಬಹುದು. ಆದ್ದರಿಂದ ಪ್ರತಿಕಾಯ ಹುಡುಕುವ ಸಾಮಾನ್ಯ ಪರೀಕ್ಷೆ ಸೋಂಕಿಲ್ಲದ ಮಗುವಿಗೂ ಸೋಂಕಿದೆ ಎನ್ನುವಂತೆ ತೋರಿಸೀತು. ಅದಕ್ಕಾಗಿಯೇ ಆರನೆಯ ವಾರದ ಹೊತ್ತಿಗೆ ವೈರಸ್ಸನ್ನೇ ಹುಡುಕುವ ಪಿ.ಸಿ.ಆರ್. ಪರೀಕ್ಷೆ ಮಾಡುತ್ತಾರೆ.

ಬೇಗ ಪತ್ತೆಯಾದರೆ ಪ್ರಯೋಜನವೇನು? ದಕ್ಷಿಣ ಆಫ್ರಿಕಾದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನ ಉತ್ತರ ಕೊಟ್ಟಿತು. ಲಕ್ಷಣಗಳಿಗೆ ಕಾಯದೆ, ಹುಟ್ಟಿದ 6ರಿಂದ 12 ವಾರಗಳೊಳಗೇ ಔಷಧ ಆರಂಭಿಸಿದಾಗ ಶಿಶುಮರಣ ಶೇ. 76ರಷ್ಟು ತಗ್ಗಿತು. ಔಷಧ ವೈರಸ್ಸನ್ನು ಪೂರ್ತಿ ಅಳಿಸದು. ಆದರೆ ಅದರ ವೃದ್ಧಿಯನ್ನು ತಡೆಯುತ್ತದೆ. ಆಗ ಮಗುವಿನ ಥೈಮಸ್ ಗ್ರಂಥಿ ಹೊಸ ಕೋಶಗಳನ್ನು ತುಂಬಿಕೊಡುತ್ತದೆ. ದಿನವೂ ತಪ್ಪದೆ ಔಷಧ ಸೇವಿಸುವ ಮಗು ಓದಿ, ಆಡಿ, ಬೆಳೆಯಬಲ್ಲದು.

ತಡೆಗಟ್ಟುವುದು ಇನ್ನೂ ಮೇಲು. ಏನೂ ಕ್ರಮ ಕೈಗೊಳ್ಳದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ತಗುಲುವ ಸಂಭವ ಶೇ. 15ರಿಂದ 45. ಗರ್ಭಿಣಿಯಾಗಿದ್ದಾಗಲೇ ಪರೀಕ್ಷೆ, ಔಷಧ ದೊರೆತರೆ ಇದನ್ನು ಶೇ. 5ಕ್ಕಿಂತ ಕೆಳಗಿಳಿಸಬಹುದು. ನಮ್ಮ ದೇಶದಲ್ಲಿ 2004ರಿಂದ ಸರ್ಕಾರಿ ಎ.ಆರ್.ಟಿ. ಕೇಂದ್ರಗಳಲ್ಲಿ ಔಷಧ ಉಚಿತ.

ಪಾಲಕರಿಗೆ ಒಂದು ಮಾತು. ಒಂದೇ ಬೆಂಚಿನಲ್ಲಿ ಕೂತರೆ, ಬುತ್ತಿ ಹಂಚಿಕೊಂಡರೆ, ಜೊತೆಗೆ ಆಡಿದರೆ ಎಚ್.ಐ.ವಿ. ಹರಡುವುದಿಲ್ಲ. ಸೋಂಕಿನ ಕಾರಣಕ್ಕೆ ಮಗುವಿಗೆ ಶಾಲೆ ನಿರಾಕರಿಸುವುದು 2017ರ ಕಾಯಿದೆಯ ಪ್ರಕಾರ ನಿಷಿದ್ಧ. ಸೋಂಕಿರುವ ಮಗುವಿಗೆ ಪಕ್ಕದ ಮಗುವಿನ ಸೀತಾಳೆ ಸಿಡುಬು, ದಡಾರದಿಂದಲೇ ಹೆಚ್ಚು ಅಪಾಯ. ನಿಮ್ಮ ಮಕ್ಕಳಿಗೆ ಲಸಿಕೆ ಹಾಕಿಸಿ. ಜ್ವರ ಬಂದಾಗ ಮನೆಯಲ್ಲೇ ಇರಿಸಿ.