ಹಗಲೊಂದರ ಅತಿಥಿಗಳು

ಚಳಿಗಾಲದ ತಿಂಗಳುಗಳಲ್ಲಿ ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ವಿಹಾರನೌಕೆಗಳಿಂದ ಬೆಳಗಾಗುತ್ತಲೇ ಇಳಿದು, ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೂ ಕಾರ್ಕಳದ ಗೊಮ್ಮಟನನ್ನೂ ನೋಡಿಕೊಂಡು, ಸೂರ್ಯಾಸ್ತದೊಳಗಾಗಿ ಮತ್ತೆ ಹಡಗನ್ನೇರುವ ಪರದೇಶದ ಪ್ರವಾಸಿಗಳ ವಿಷಯದಲ್ಲಿ ನಮ್ಮ ವಿದ್ಯಾವಂತರಿಗೆ ಒಂದು ಬಗೆಯ ತಾತ್ಸಾರವುಂಟು. ಸಮುದ್ರಕ್ಕೆ ಬಹುದೂರವಾದ ನಮ್ಮ ವಿಜಯಪುರವೂ ಇಂಥ ಅತಿಥಿಗಳನ್ನು ಕಾಣದ ಊರಲ್ಲ. 2004ರಲ್ಲಿ ಸಂಚಾರವನ್ನಾರಂಭಿಸಿದ ಡೆಕ್ಕನ್ ಒಡಿಸ್ಸಿ ಎಂಬ ವಿಲಾಸದ ರೈಲಿನ ಯಾನಗಳಲ್ಲೊಂದು, ಮುಂಬಯಿಯಿಂದ ಹೊರಟು ಪಟ್ಟದಕಲ್ಲು ಹಂಪಿಗಳತ್ತ ಸಾಗುವ ಮುನ್ನ ಇಲ್ಲಿ ತಂಗುವಂತೆ ಏರ್ಪಟ್ಟಿದೆ. ಹಾಸಿಗೆ, ಗಂಟುಮೂಟೆಗಳೆಲ್ಲ ಗಾಡಿಯಲ್ಲಿಯೇ ಉಳಿದು ಮನುಷ್ಯನೊಬ್ಬನೇ ಹಗಲಿನ ಮಟ್ಟಿಗೆ ನೆಲಕ್ಕಿಳಿಯುವ ಈ ವ್ಯವಸ್ಥೆಗೂ ಹಡಗಿನ ವ್ಯವಸ್ಥೆಗೂ ನೀರೊಂದರ ಹೊರತು ಭೇದವಿಲ್ಲ.

ಒಂದು ಹಗಲಿನಲ್ಲಿ ಇವರು ಊರನ್ನು ಕಂಡಾರೆಯೇ ಎಂದು ಕೇಳುವ ನಮ್ಮವರಲ್ಲಿ ಅನೇಕರು ಶಾಲೆಯ ಪ್ರವಾಸದ ತರುವಾಯ ಗೋಳಗುಮ್ಮಟದ ಮೆಟ್ಟಿಲನ್ನು ತುಳಿದವರಲ್ಲವಾದುದರಿಂದ, ಆ ಪ್ರಶ್ನೆಗೆ ನಾನು ಹೆಚ್ಚಿನ ಬೆಲೆ ಕೊಡಲಾರೆ. ಹಗಲು ಅಲ್ಪವೆಂಬುದಕ್ಕಿಂತ ಅದರೊಳಕ್ಕೆ ತುರುಕುವವರ ಲೋಭ ಅತಿಯೆಂಬುದೇ ನನ್ನ ಆಕ್ಷೇಪ. ಗೋಳಗುಮ್ಮಟ, ಜುಮ್ಮಾ ಮಸೀದಿ, ಆಸಾರ್ ಮಹಲ್, ಬಾರಾಕಮಾನ್, ಉಪ್ಪಲಿ ಬುರುಜು, ಮುಲ್ಕ್ ಮೈದಾನ ತೋಪು, ಇಬ್ರಾಹಿಂ ರೋಜಾ ಎಂದು ಯಾದಿ ಹಾಕಿ, ಕರಿಕಲ್ಲು ಕಾದು ಅಂಗಾಲು ಊರಲಾಗದ ನಡುಹಗಲಿನಲ್ಲಿ ಮುದುಕರನ್ನೂ ಮುದುಕಿಯರನ್ನೂ ಒಂದರಿಂದ ಇನ್ನೊಂದಕ್ಕೆ ಅಟ್ಟಿಕೊಂಡು ಹೋಗುವುದಕ್ಕೆ ಆತಿಥ್ಯವೆಂಬ ಹೆಸರು ಸಲ್ಲದು.

ಗೋಳಗುಮ್ಮಟವನ್ನೇ ತೆಗೆದುಕೊಳ್ಳೋಣ. ಮಹಮ್ಮದ್ ಆದಿಲಶಾಹನು ಮಡಿದ 1656ರ ಹೊತ್ತಿಗೆ ಈ ರೂಪಕ್ಕೆ ಬಂದ ಆ ಗೋರಿಯ ಒಳಗೆ, ಒಂದನ್ನೊಂದು ಛೇದಿಸುವ ಕಮಾನುಗಳು ನಡುವೆ ಒಂದು ಕಂಬದ ಆಸರೆಯೂ ಇಲ್ಲದೆ ಸುಮಾರು 124 ಅಡಿ ವ್ಯಾಸದ ಗುಮ್ಮಟವನ್ನು ಹೊತ್ತು ನಿಂತಿರುವ ಪರಿಯನ್ನು ಕತ್ತೆತ್ತಿ ಅರಿಯುವುದಕ್ಕೇ ಒಂದು ಗಳಿಗೆ ಬೇಕು. ಮೂಲೆಯ ಏಳಂತಸ್ತಿನ ಬುರುಜಿನೊಳಗಿನ ಇಕ್ಕಟ್ಟಾದ ಮೆಟ್ಟಿಲುಗಳನ್ನೇರಿ ಮೇಲಣ ಗ್ಯಾಲರಿಯನ್ನು ಸೇರಿದವನಿಗೆ, ಗೋಡೆಗೆ ಬಾಯಿಟ್ಟು ಆಡಿದ ಪಿಸುಮಾತು ಎದುರುಬದಿಯಲ್ಲಿ ಕಿವಿಗೆ ಮುಟ್ಟಬೇಕಾದರೆ ನೀರವತೆ ಬೇಕು; ಹೊತ್ತೇರಿದ ಮೇಲಾದರೋ ಅಲ್ಲಿ ಕೇಳಿಸುವುದು ಏಳು ಸಲ ಮರಳುವ ಸೀಟಿಗಳೂ ಕೇಕೆಗಳೂ ಮಾತ್ರ. ಮುಂಜಾವಿನಲ್ಲಿ ಅತಿಥಿಯನ್ನು ಇಲ್ಲಿಗೊಯ್ದು, ಬೇಸರವಾಗುವವರೆಗೆ ಬಿಟ್ಟು, ಅನಂತರ ಇಬ್ರಾಹಿಂ ರೋಜಾದ ಜಾಲಂಧ್ರಗಳ ನೆರಳಿನಲ್ಲಿ ಅರೆಗಳಿಗೆ ಕುಳ್ಳಿರಿಸಿದರೆ ಗೋರಿಗಳ ಲೆಕ್ಕ ಅಲ್ಲಿಗೆ ಮುಗಿಯಿತೆಂದೇ ನನ್ನ ಮತ.

ಮಿಕ್ಕವನ್ನು ಬಿಟ್ಟರೆ ಊರಿಗೆ ಕುಂದಲ್ಲವೇ ಎಂಬವರಿಗೆ ಅಸದ್ ಬೇಗನನ್ನು ನೆನಪಿಸುತ್ತೇನೆ. ಅಕ್ಬರನ ರಾಯಭಾರಿಯಾಗಿ ಹದಿನೇಳನೆಯ ಶತಮಾನದ ಮೊದಲ ವರ್ಷಗಳಲ್ಲಿ ಇಮ್ಮಡಿ ಇಬ್ರಾಹಿಮನ ಆಸ್ಥಾನಕ್ಕೆ ಬಂದ ಆತನ ಕಣ್ಣಿಗೆ ಗೋಳಗುಮ್ಮಟವಾಗಲಿ ಇಬ್ರಾಹಿಂ ರೋಜಾವಾಗಲಿ ಬೀಳುವ ಸಂಭವವೇ ಇರಲಿಲ್ಲ. ಅವೆರಡೂ ಆಗಿನ್ನೂ ಹುಟ್ಟಿರಲಿಲ್ಲ. ಆದಾಗ್ಯೂ ಇಲ್ಲಿಯ ಪೇಟೆಯ ವೈಭವವನ್ನು ಅವನು ಮನಸಾರೆ ಬಣ್ಣಿಸಿದನು. ಉತ್ತರದಲ್ಲಿ ಕಾಣದಿದ್ದ ತಂಬಾಕನ್ನು ಇಲ್ಲಿ ಕಂಡು, ಕೊಂಡೊಯ್ದು, ಪಾದಶಹನ ಮುಂದಿಟ್ಟನು. (ಆ ಕಾಣಿಕೆಯಿಂದ ಲೋಕಕ್ಕಾದ ಹಿತವೆಷ್ಟೆಂಬುದನ್ನು ವೈದ್ಯರು ಹೇಳಲಿ.) ಗೋರಿಗಳಿಲ್ಲದ ವಿಜಯಪುರದಲ್ಲಿಯೂ ಅತಿಥಿಗೆ ನೋಡುವುದು ಬೇಕಾದಷ್ಟಿತ್ತು.

ಇಂದಿಗೂ ಉಂಟು, ಅದು ನೀರಿನ ಹಾದಿಯನ್ನು ಹಿಡಿದು ಹೋಗುವವರಿಗೆ ಕಾಣುತ್ತದೆ. ಮಳೆ ಕಡಮೆಯಾದ ಈ ಎರೆಯ ಸೀಮೆಯಲ್ಲಿ ಅಷ್ಟು ದೊಡ್ಡ ರಾಜಧಾನಿಯನ್ನು ಕಟ್ಟಿದ ಸುಲ್ತಾನರು, ಪಶ್ಚಿಮದ ತೊರವೆಯಿಂದ ನೆಲದಡಿಯ ಸುರಂಗದಲ್ಲಿ ನೀರನ್ನು ತಂದು, ಒತ್ತಡವನ್ನು ತಗ್ಗಿಸಲು ನಡುನಡುವೆ ಗಂಜ್ ಎಂಬ ಗೋಪುರಗಳನ್ನೆತ್ತಿ, ಓಣಿಓಣಿಗೆ ಹಂಚಿದರು. ಹೂಳೆತ್ತಿಸಿಕೊಂಡು ಮರುಹುಟ್ಟು ಪಡೆದ ತಾಜ್ ಬಾವಡಿಯ ಮೆಟ್ಟಿಲುಗಳಿಂದ ಹೊರಟು ಅಥಣಿಯ ರಸ್ತೆಯನ್ನು ಹಿಡಿದರೆ ಆ ತೊರವೆಯೇ ಎದುರಾಗುತ್ತದೆ: ಕುಮಾರ ವಾಲ್ಮೀಕಿಯ ರಾಮಾಯಣಕ್ಕೆ ಹೆಸರು ಕೊಟ್ಟ ನರಸಿಂಹನ ಕ್ಷೇತ್ರ, ಪಕ್ಕದಲ್ಲಿ, 1599ರಲ್ಲಿ ಇಬ್ರಾಹಿಮನು ಸಂಗೀತದ ಮೋಹದಿಂದ ಕಟ್ಟತೊಡಗಿ, 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಹಾಳಾದ ನವರಸಪುರ.

ಅದೇ ರಸ್ತೆಯಲ್ಲಿ ಮುಂದೆ ತಿಕೋಟಾ. ಮಾಘ ಫಾಲ್ಗುಣಗಳಲ್ಲಿ ಅಲ್ಲಿ ದ್ರಾಕ್ಷಿಯ ಗೊನೆಗಳನ್ನು ಪೊಟ್ಯಾಶಿಯಂ ಕಾರ್ಬೋನೇಟೂ ಎಣ್ಣೆಯೂ ಬೆರೆತ ನೀರಿನಲ್ಲಿ ಅದ್ದಿ, ಬದಿ ತೆರೆದ ಶೆಡ್ಡುಗಳಲ್ಲಿ ಅಟ್ಟದ ಮೇಲೆ ಅಟ್ಟವಾಗಿ ಬಿಗಿದ ಬಲೆಗಳ ಮೇಲೆ ಹರವಿ, ಎರಡು ವಾರ ಗಾಳಿಗೆ ಬಿಡುತ್ತಾರೆ. ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಒಣದ್ರಾಕ್ಷಿಯಾಗಿ ಕುಗ್ಗುತ್ತದೆ. ಗುಮ್ಮಟದ ಅಂಗಳದಲ್ಲಿ ಪ್ರವಾಸಿಯನ್ನು ಬಾಡಿಸುವ ಒಣಹವೆಯೇ ಇಲ್ಲಿ ರೈತನಿಗೆ ಅನ್ನ ಕೊಡುತ್ತಿದೆಯೆಂಬುದನ್ನು ಕಣ್ಣಾರೆ ಕಂಡವನಿಗೆ ಈ ಊರಿನ ಬಿಸಿಲಿನ ಮೇಲಣ ದೂರು ತಾನಾಗಿಯೇ ಇಳಿದೀತು. ಊಟಕ್ಕೆ ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು. ಬೆಳಸಿಯ ಕಾಲವಾದರೆ ಹೊಲದಲ್ಲಿಯೇ ಸುಟ್ಟ ಸೀತನಿ. ಮರಳುವಾಗ ಬಬಲೇಶ್ವರದ ಕಡೆಯಿಂದ ಬಂದರೆ, ಆದಿಲಶಾಹಿಗಳು ಕಟ್ಟಿಸಿದ ಮಮದಾಪುರದ ಕೆರೆಯನ್ನೂ, ಕೃಷ್ಣೆಯ ನೀರನ್ನು ಏತದಿಂದ ಎತ್ತಿ ತಂದು ಕೆರೆಗಳನ್ನು ತುಂಬಿಸುವ ನಮ್ಮ ಕಾಲದ ಸಾಹಸವನ್ನೂ ಒಟ್ಟಿಗೆ ತೋರಿಸಬಹುದು.

ಇದರಿಂದ ಪೇಟೆಯ ಟಾಂಗಾದವರಿಗೂ ಗೈಡುಗಳಿಗೂ ಸಂಪಾದನೆ ತಪ್ಪೀತೆಂಬ ಆಕ್ಷೇಪ ನ್ಯಾಯವಾದುದೇ. ಅಂಥವರನ್ನೇ ತೊರವೆ ತಿಕೋಟಾಗಳ ದಾರಿಗೆ ತರಬೇತು ಮಾಡಿಕೊಳ್ಳುವುದು ಪ್ರವಾಸೋದ್ಯಮ ಇಲಾಖೆಗೆ ಅಸಾಧ್ಯವಲ್ಲ, ಆ ದಾರಿಯಲ್ಲಿ ಎರಡು ಶುಚಿಯಾದ ಶೌಚಾಲಯಗಳನ್ನು ಕಟ್ಟಿಸುವುದೂ ಅಸಾಧ್ಯವಲ್ಲ. ತೋಪನ್ನು ನೋಡಲಾಗಲಿಲ್ಲವೆಂದು ಅತಿಥಿ ಕೊರಗಿದರೆ ಮತ್ತೊಮ್ಮೆ ಬರಲಿ. 1549ರಲ್ಲಿ ಅಹಮದನಗರದಲ್ಲಿ ಎರಕಗೊಂಡು, ಸುಮಾರು 55 ಟನ್ನುಗಳ ಮೈಯನ್ನು ಹೊತ್ತು ಇಲ್ಲಿಗೆ ಬಂದು, ಇಂಗ್ಲಿಷರ ಕಾಲದಲ್ಲಿ, 1854ರಲ್ಲಿ, ನೂರೈವತ್ತು ರೂಪಾಯಿಗೆ ಹರಾಜಾಗಿಯೂ ಬುರುಜು ಬಿಟ್ಟು ಕದಲದ ಆ ತೋಪು, ಅವನು ಬರುವವರೆಗೆ ಎಲ್ಲಿಗೂ ಹೋಗುವುದಿಲ್ಲ.