ಅನುದಾನ ಸಿಕ್ಕಿತು, ಆರ್ಡರ್ ಸಿಗುವುದೆಂದು?

ಖಡಕಿ ಎಂದೊಡನೆ ಪುಣೆಯ ಕನ್ನಡಿಗರಾದ ನಮ್ಮ ಕಣ್ಣ ಮುಂದೆ ಬರುವುದು ದಂಡುಪ್ರದೇಶ, ಬಾಂಬೆ ಸ್ಯಾಪರ್ಸ್ ಪಡೆಯ ಕೇಂದ್ರ ಹಾಗೂ 1869ರಲ್ಲಿ ಸ್ಥಾಪನೆಯಾದ ಮದ್ದುಗುಂಡು ಕಾರ್ಖಾನೆ. ಸ್ಫೋಟಕಗಳ ಕಾರ್ಖಾನೆ, ಸೇನೆಯ ದುರಸ್ತಿ ಕಾರ್ಯಾಗಾರ ಮತ್ತು ಮದ್ದುಗುಂಡುಗಳ ಗುಣಮಟ್ಟವನ್ನು ಪರಿಶೀಲಿಸುವ ಕಚೇರಿಗಳೂ ಇದೇ ಪರಿಸರದಲ್ಲಿವೆ. 1958ರಲ್ಲಿ ಆರಂಭವಾದ ಶಸ್ತ್ರಾಸ್ತ್ರ ಸಂಶೋಧನಾ ಸಂಸ್ಥೆಯು (ಎಆರ್‌ಡಿಇ) ಇಂದು ಪಾಷಾಣದಲ್ಲಿದೆ. ಹೀಗೆ ಶೋಧಿಸುವವರು, ತಯಾರಿಸುವವರು, ಪರೀಕ್ಷಿಸುವವರು, ಕೊಳ್ಳುವವರು ಎಲ್ಲರೂ ಸರ್ಕಾರವೇ ಆಗಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ, ಸಿದ್ಧವಾದ ಮಾದರಿಯನ್ನು ಕೊಳ್ಳುವವರು ಯಾರು ಎಂಬ ಚಿಂತೆ ಯಾವ ಕುಟುಂಬದ ಮನೆ ಬಾಗಿಲಿಗೂ ಬರುತ್ತಿರಲಿಲ್ಲ.

ಇಂದು ಬರುತ್ತಿದೆ. 2021ರ ಅಕ್ಟೋಬರ್ 1ರಂದು ಸರ್ಕಾರವು ಆರ್ಡ್‌ನೆನ್ಸ್ ಕಾರ್ಖಾನೆಗಳ ಮಂಡಳಿಯನ್ನು ಏಳು ಕಂಪನಿಗಳಾಗಿ ವಿಂಗಡಿಸಿತು. ಖಡಕಿಯ ಮದ್ದುಗುಂಡು ಮತ್ತು ಸ್ಫೋಟಕಗಳ ಕಾರ್ಖಾನೆಗಳು ಪುಣೆಯಲ್ಲಿಯೇ ಕೇಂದ್ರ ಕಚೇರಿಯುಳ್ಳ ಮ್ಯೂನಿಷನ್ಸ್ ಇಂಡಿಯಾ ಕಂಪನಿಗೆ ಸೇರಿದವು. ಅದಕ್ಕೂ ಮೊದಲೇ, 2018ರ ಏಪ್ರಿಲ್‌ನಲ್ಲಿ, ರಕ್ಷಣಾ ಸಚಿವಾಲಯವು ‘ಐಡೆಕ್ಸ್’ ಯೋಜನೆಯ ಮೂಲಕ ಸಣ್ಣ ಉದ್ಯಮಗಳಿಗೂ ನವೋದ್ಯಮಗಳಿಗೂ ಸಂಶೋಧನೆಯ ಬಾಗಿಲನ್ನು ತೆರೆದಿತ್ತು. ಇದನ್ನು ನಡೆಸುವ ಸಂಸ್ಥೆಗೆ ಮೂಲಧನವನ್ನು ಒದಗಿಸಿದವು ಬೆಂಗಳೂರಿನ ಎರಡು ಸಾರ್ವಜನಿಕ ಉದ್ಯಮಗಳು, ಎಚ್‌ಎಎಲ್ ಮತ್ತು ಬಿಇಎಲ್, ಎಂಬುದು ಕನ್ನಡಿಗರು ಗಮನಿಸಬೇಕಾದ ಸಂಗತಿ.

ಯೋಜನೆಯ ಕ್ರಮ ಸರಳವಾಗಿದೆ. ಸೇನೆಯು ತನಗೆ ಎದುರಾಗಿರುವ ಒಂದು ಸಮಸ್ಯೆಯನ್ನು ಪ್ರಕಟಿಸುತ್ತದೆ. ಅದಕ್ಕೆ ಪರಿಹಾರವುಳ್ಳ ಉದ್ಯಮವು ಅರ್ಜಿ ಸಲ್ಲಿಸುತ್ತದೆ. ಆಯ್ಕೆಯಾದರೆ ಮಾದರಿಯನ್ನು ಸಿದ್ಧಪಡಿಸಲು ಒಂದೂವರೆ ಕೋಟಿ ರೂಪಾಯಿಯವರೆಗೆ ಅನುದಾನ ದೊರೆಯುತ್ತದೆ. 2022ರಲ್ಲಿ ಬಂದ ‘ಐಡೆಕ್ಸ್ ಪ್ರೈಮ್’ನಲ್ಲಿ ಈ ಮಿತಿ 10 ಕೋಟಿಗೆ ಏರಿತು. 2024ರ ಮಾರ್ಚ್‌ನಲ್ಲಿ ಆರಂಭವಾದ ‘ಅದಿತಿ’ ಯೋಜನೆಯಲ್ಲಿ ಅದು 25 ಕೋಟಿಯಾಯಿತು. ಡಿಆರ್‌ಡಿಒ ಸಂಸ್ಥೆಯ ತಂತ್ರಜ್ಞಾನ ಅಭಿವೃದ್ಧಿ ನಿಧಿಯ ಮಿತಿಯನ್ನು 2022ರಲ್ಲಿ 10ರಿಂದ 50 ಕೋಟಿಗೆ ಹೆಚ್ಚಿಸಲಾಯಿತು. 2025ರ ಫೆಬ್ರವರಿಯ ವೇಳೆಗೆ ಐಡೆಕ್ಸ್‌ನಡಿ 430 ಒಪ್ಪಂದಗಳಿಗೆ ಸಹಿ ಬಿದ್ದಿದ್ದವೆಂದು ಸರ್ಕಾರ ತಿಳಿಸಿದೆ. ವಿದೇಶೀ ಆಯುಧಗಳನ್ನೇ ನೆಚ್ಚಿಕೊಂಡಿದ್ದ ದೇಶವೊಂದಕ್ಕೆ ಇದು ಸಣ್ಣ ಸಾಧನೆಯಲ್ಲ.

ಆದರೆ ಈ ಒಪ್ಪಂದಗಳು ಮಾದರಿಯನ್ನು ರೂಪಿಸುವ ಒಪ್ಪಂದಗಳೇ ಹೊರತು ಸೇನೆಯು ಸಾಮಗ್ರಿಯನ್ನು ಕೊಳ್ಳುವ ಒಪ್ಪಂದಗಳಲ್ಲ. ಇವೆರಡರ ನಡುವಿನ ಅಂತರದಲ್ಲಿಯೇ ಸಣ್ಣ ಉದ್ಯಮದ ಅಳಿವು ಉಳಿವು ನಿರ್ಧಾರವಾಗುತ್ತದೆ. ಅನುದಾನವು ಒಮ್ಮೆಗೇ ಕೈಸೇರುವುದಿಲ್ಲ. ಕೆಲಸವು ಒಂದೊಂದು ಹಂತವನ್ನು ಮುಟ್ಟಿದಂತೆ ಕಂತುಗಳಲ್ಲಿ ಬರುತ್ತದೆ. ಐಡೆಕ್ಸ್‌ನಲ್ಲಿ ಸರ್ಕಾರದ ಹಣಕ್ಕೆ ಸರಿಸಮನಾಗಿ ಉದ್ಯಮಿಯೂ ತನ್ನ ಪಾಲನ್ನು ಹೂಡಬೇಕು. ಮಾದರಿಯು ಸಿದ್ಧವಾದ ಮೇಲೆ ಸೇನೆಯ ಪರೀಕ್ಷೆಗಳು ನಡೆಯುತ್ತವೆ: ಮರುಭೂಮಿಯ ಬಿಸಿಲಿನಲ್ಲಿ, ಹಿಮದ ಎತ್ತರದಲ್ಲಿ, ಕಡಲ ಉಪ್ಪುಗಾಳಿಯಲ್ಲಿ. ಆ ಬಳಿಕ ಬೆಲೆಯ ಚರ್ಚೆ, ಆರ್ಥಿಕ ಒಪ್ಪಿಗೆ, ಕಡತದ ಸಂಚಾರ. ಈ ಅವಧಿಯುದ್ದಕ್ಕೂ ಇಂಜಿನಿಯರುಗಳ ಸಂಬಳವನ್ನೂ ಶೆಡ್ಡಿನ ಬಾಡಿಗೆಯನ್ನೂ ಬ್ಯಾಂಕಿನ ಬಡ್ಡಿಯನ್ನೂ ಕಟ್ಟುತ್ತಿರಬೇಕಾದವನು ಉದ್ಯಮಿಯೇ.

ದೊಡ್ಡವರು ಕಾಯಬಲ್ಲರು. ಎಆರ್‌ಡಿಇ ರೂಪಿಸಿದ 155 ಮಿಲಿಮೀಟರ್ ಫಿರಂಗಿಯ (ಎಟಿಎಜಿಎಸ್) ಯೋಜನೆ ಆರಂಭವಾದದ್ದು 2013ರಲ್ಲಿ. ಪುಣೆಯ ಭಾರತ್ ಫೋರ್ಜ್ ಮತ್ತು ಟಾಟಾ ಸಂಸ್ಥೆಗಳೊಂದಿಗೆ ಸುಮಾರು 6,900 ಕೋಟಿ ರೂಪಾಯಿಗಳ ಖರೀದಿ ಒಪ್ಪಂದ ಆದದ್ದು 2025ರ ಮಾರ್ಚ್ 26ರಂದು. ಅಂದರೆ ಹನ್ನೆರಡು ವರ್ಷ. ಬೃಹತ್ ಸಂಸ್ಥೆಗಳಿಗೆ ಬೇರೆ ವ್ಯವಹಾರಗಳ ಆದಾಯವಿರುತ್ತದೆ. ಭೋಸರಿಯ ಶೆಡ್ಡಿನಲ್ಲಿ ಹದಿನೈದು ಜನರನ್ನು ಇಟ್ಟುಕೊಂಡು ಒಂದೇ ಉಪಕರಣವನ್ನು ನಂಬಿರುವವರಿಗೆ ಹನ್ನೆರಡು ವರ್ಷವಿರಲಿ, ಹನ್ನೆರಡು ತಿಂಗಳು ಕಾಯುವುದೂ ಪ್ರಾಣಸಂಕಟವೇ.

ಖಡಕಿಯಲ್ಲಿಯೇ ಇನ್ನೊಂದು ನಿದರ್ಶನವಿದೆ. 1946ರಲ್ಲಿ ಸ್ಥಾಪಿತವಾದ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಕಂಪನಿಯೊಂದಿಗೆ 2025ರ ಏಪ್ರಿಲ್ 2ರಂದು ನೌಕಾಪಡೆಯು 6 ಮೆಗಾವ್ಯಾಟ್ ಸಾಮರ್ಥ್ಯದ ಹಡಗಿನ ಡೀಸೆಲ್ ಇಂಜಿನ್ ಅಭಿವೃದ್ಧಿಗೆ ಒಪ್ಪಂದ ಮಾಡಿಕೊಂಡಿತು. ಮಾದರಿಯ ವೆಚ್ಚ 270 ಕೋಟಿ; ಅದರಲ್ಲಿ ಶೇಕಡಾ 70ರಷ್ಟು ಸರ್ಕಾರದ್ದು. ಈ ಉದ್ಯಮ ಸಮೂಹದ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿ, ಬೆಳಗಾವಿಯ ಸೈಕಲ್ ಅಂಗಡಿಯಿಂದ ಜೀವನವನ್ನಾರಂಭಿಸಿ, ಕಬ್ಬಿಣದ ನೇಗಿಲನ್ನು ತಯಾರಿಸಿದವರೆಂಬುದು ನಮಗೆಲ್ಲ ಹೆಮ್ಮೆಯ ವಿಷಯ. ಒಂದು ಕಾಲದ ಸಣ್ಣ ಅಂಗಡಿಯೇ ಮುಂದೆ ಬೃಹತ್ ಉದ್ಯಮದ ಬೇರಾಯಿತು. ಆದರೆ ದೊಡ್ಡ ಕಂಪನಿಗೆ ನೂರಕ್ಕೆ ಎಪ್ಪತ್ತರ ಆಸರೆ ಇರುವಾಗ, ಐಡೆಕ್ಸ್‌ನ ಸಣ್ಣ ಉದ್ಯಮಿ ಸಮಪಾಲು ಹೂಡಬೇಕಾಗಿರುವುದು ಚಿಂತಿಸಬೇಕಾದ ವೈಪರೀತ್ಯ.

ಅಮೆರಿಕವು 1982ರಲ್ಲಿಯೇ ಕಾನೂನೊಂದನ್ನು ಮಾಡಿ, ಸಂಶೋಧನೆಗೆ ಹೆಚ್ಚು ಹಣ ವ್ಯಯಿಸುವ ಇಲಾಖೆಗಳು ಅದರ ನಿಗದಿತ ಪಾಲನ್ನು ಸಣ್ಣ ಉದ್ಯಮಗಳಿಗೇ ಮೀಸಲಿಡುವಂತೆ ವಿಧಿಸಿತು. ಅಲ್ಲಿ ಮೊದಲ ಹಂತ ಕಲ್ಪನೆಯ ಪರೀಕ್ಷೆಗೆ, ಎರಡನೆಯದು ಮಾದರಿಗೆ, ಮೂರನೆಯದು ಬಳಕೆಗೆ. ಮೊದಲೆರಡು ಹಂತಗಳಲ್ಲಿ ಗೆದ್ದ ಉದ್ಯಮದಿಂದ ಮತ್ತೆ ಸ್ಪರ್ಧೆ ಏರ್ಪಡಿಸದೆ ನೇರವಾಗಿ ಕೊಳ್ಳುವ ಅವಕಾಶ ಇಲಾಖೆಗೆ ಇರುತ್ತದೆ. ಆ ವ್ಯವಸ್ಥೆಯೂ ನಿರ್ದುಷ್ಟವಲ್ಲ: 2025ರ ಸೆಪ್ಟೆಂಬರ್ 30ರಂದು ಕಾನೂನಿನ ಅವಧಿ ಮುಗಿದಾಗ ಅಲ್ಲಿನ ಸಂಸತ್ತು ಸಕಾಲದಲ್ಲಿ ಅದನ್ನು ನವೀಕರಿಸಲಿಲ್ಲ. ಸರ್ಕಾರದ ಹಣವನ್ನೇ ನಂಬಿದ ಉದ್ಯಮಕ್ಕೆ ಯಾವ ದೇಶದಲ್ಲಿಯೂ ಪೂರ್ಣ ಅಭಯವಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ನಮ್ಮ ಸರ್ಕಾರವೂ ಈ ಕೊರತೆಯನ್ನು ಅರಿತಿಲ್ಲವೆಂದಲ್ಲ. 2020ರ ರಕ್ಷಣಾ ಖರೀದಿ ವಿಧಾನದಲ್ಲಿ ಐಡೆಕ್ಸ್ ಮಾದರಿಗಳ ಖರೀದಿಗೆ ದಾರಿಯಿದೆ. 2025ರ ನವೆಂಬರ್ 1ರಿಂದ ಜಾರಿಗೆ ಬಂದ ರಕ್ಷಣಾ ಖರೀದಿ ಕೈಪಿಡಿಯು, ದೇಶೀಯವಾಗಿ ಅಭಿವೃದ್ಧಿಪಡಿಸಿದ ಸಾಮಗ್ರಿಗೆ ಐದು ವರ್ಷಗಳವರೆಗೆ ಖಚಿತ ಆರ್ಡರ್ ನೀಡುವ ಅವಕಾಶ ಕಲ್ಪಿಸಿ, ಅಭಿವೃದ್ಧಿಯ ಹಂತದಲ್ಲಿ ವಿಳಂಬಕ್ಕೆ ದಂಡ ಬೇಡವೆಂದಿದೆ. ಆದರೆ ಈ ಕೈಪಿಡಿ ಅನ್ವಯಿಸುವುದು ಬಿಡಿಭಾಗ, ದುರಸ್ತಿ ಮುಂತಾದ ರಾಜಸ್ವ ಖರೀದಿಗೆ. ಹೊಸ ಆಯುಧವ್ಯವಸ್ಥೆಗಳ ಬಂಡವಾಳ ಖರೀದಿಯ ಹಾದಿ ಬೇರೆ. ಪರೀಕ್ಷೆಯ ಸೌಲಭ್ಯಗಳಿಗಾಗಿ 2020ರಲ್ಲಿ 400 ಕೋಟಿಯ ಯೋಜನೆ ಬಂದಿತು. ಅದರ ಮೊದಲ ಒಪ್ಪಂದಗಳು ತಮಿಳುನಾಡು ಮತ್ತು ಉತ್ತರ ಪ್ರದೇಶದ ರಕ್ಷಣಾ ಕಾರಿಡಾರ್‌ಗಳಿಗೆ ಸಂಬಂಧಿಸಿದವು. ಪುಣೆ ಮತ್ತು ಬೆಂಗಳೂರಿನ ಸಣ್ಣ ಉದ್ಯಮಿಗೆ ಇಲ್ಲಿನ ಸರ್ಕಾರಿ ಪರೀಕ್ಷಾಗಾರಗಳ ಬಾಗಿಲು ಸಕಾಲದಲ್ಲಿ ತೆರೆಯುವುದು ಆದ್ದರಿಂದಲೇ ಅತ್ಯಗತ್ಯ.

ಪ್ರತಿಯೊಂದು ಮಾದರಿಯನ್ನೂ ಸೇನೆ ಕೊಳ್ಳಲೇಬೇಕೆಂದು ನಾವು ಹೇಳುತ್ತಿಲ್ಲ. ಸೈನಿಕನ ಪ್ರಾಣವು ಆ ಉಪಕರಣವನ್ನು ಅವಲಂಬಿಸಿರುತ್ತದೆ. ತೆರಿಗೆದಾರನ ಹಣವೂ ಅದರಲ್ಲಿರುತ್ತದೆ. ಸಂಶೋಧನೆಯೆಂದ ಮೇಲೆ ಸೋಲೂ ಉಂಟು. ನಾವು ಕೇಳುವುದು ಇಷ್ಟೇ: ಪರೀಕ್ಷೆಗೆ ದಿನಾಂಕ ನಿಗದಿಯಾಗಲಿ, ಫಲಿತಾಂಶಕ್ಕೆ ಅವಧಿಯಿರಲಿ, ತೇರ್ಗಡೆಯಾದ ಸಾಧನಕ್ಕೆ ಸಣ್ಣದಾದರೂ ಒಂದು ಆರ್ಡರ್ ಬೇಗನೆ ಸಿಗಲಿ, ತೇರ್ಗಡೆಯಾಗದಿದ್ದರೆ ‘ಬೇಡ’ ಎಂಬ ಮಾತು ಸ್ಪಷ್ಟವಾಗಿ ಬರಲಿ. ‘ಬೇಡ’ ಎಂದರೆ ಉದ್ಯಮಿ ಬೇರೆ ದಾರಿ ಹಿಡಿಯಬಲ್ಲ. ‘ನೋಡೋಣ’ ಎಂದರೆ ನಡುನೀರಿನಲ್ಲಿ ಕೈಬಿಟ್ಟಂತೆ.

ಇದು ದೆಹಲಿಯ ಮಾತಷ್ಟೇ ಅಲ್ಲ, ನಮ್ಮ ಮನೆಗಳ ಮಾತೂ ಹೌದು. ಸರ್ಕಾರಿ ಕಾರ್ಖಾನೆಯ ಖಾಯಂ ನೌಕರಿ, ಕ್ವಾರ್ಟರ್ಸ್, ನಿವೃತ್ತಿವೇತನ ಇವುಗಳ ನೆರಳಿನಲ್ಲಿ ಹಿಂದಿನ ತಲೆಮಾರು ಈ ಊರಿನಲ್ಲಿ ಬೇರೂರಿತು. ಇಂದು ಮಗನೋ ಮಗಳೋ ಡ್ರೋನ್, ಸಂವೇದಕ ಅಥವಾ ಗೂಢಲಿಪಿಯ ಉದ್ಯಮವನ್ನು ಆರಂಭಿಸುವೆನೆಂದರೆ ಸಮಪಾಲಿನ ಹಣಕ್ಕೆ ಅಡವಿಗೆ ಹೋಗುವುದು ತಂದೆ ಕಟ್ಟಿಸಿದ ಮನೆಯೇ ಆಗಬಹುದು. ಮಕ್ಕಳ ಉತ್ಸಾಹಕ್ಕೆ ತಣ್ಣೀರೆರಚುವುದು ಬೇಡ. ಆದರೆ ಸಹಿ ಹಾಕುವ ಮುನ್ನ ಮನೆಮಂದಿಯೆಲ್ಲ ಕುಳಿತು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಇದನ್ನು ಕೊಳ್ಳುವವರು ಯಾರು? ಎಲ್ಲಿ, ಯಾವಾಗ ಪರೀಕ್ಷೆಯಾಗುವುದು? ಆರ್ಡರ್ ಬರುವವರೆಗೆ ಎಷ್ಟು ತಿಂಗಳು ಉಳಿಯಬಲ್ಲೆವು? ಅದೇ ಸಾಧನವನ್ನು ಕೃಷಿಗೋ ಆಸ್ಪತ್ರೆಗೋ ಬಂದರಿಗೋ ಮಾರುವ ದಾರಿಯೂ ಇದ್ದರೆ ಕಾಯುವ ಶಕ್ತಿ ಹೆಚ್ಚುತ್ತದೆ.

ಅನುದಾನವು ಬೀಜವಿದ್ದಂತೆ. ಬಿತ್ತಿದವನೇ ಸಕಾಲಕ್ಕೆ ನೀರನ್ನೂ ಬಿಡಬೇಕು. ಒಪ್ಪಂದಗಳ ಸಂಖ್ಯೆಯನ್ನು ಪ್ರಕಟಿಸುವ ಸಚಿವಾಲಯವು, ಅವುಗಳಲ್ಲಿ ಎಷ್ಟು ಸೈನಿಕನ ಕೈಸೇರಿದವು ಮತ್ತು ಅದಕ್ಕೆ ಎಷ್ಟು ತಿಂಗಳು ಹಿಡಿಯಿತು ಎಂಬುದನ್ನೂ ವರ್ಷಕ್ಕೊಮ್ಮೆ ಪ್ರಕಟಿಸಲಿ. ಯೋಜನೆಯ ಯಶಸ್ಸನ್ನು ಅಳೆಯಬೇಕಾದುದು ಆ ಲೆಕ್ಕದಿಂದಲೇ.